ಅಡಕತ್ತರಿಯಲ್ಲಿ ಸಿಕ್ಕ ರಕ್ತನಾಳ

ಎರಡು ಕಡೆಯಿಂದಲೂ ಒತ್ತಡ ಬಿದ್ದು, ಹಿಂದಕ್ಕೂ ಮುಂದಕ್ಕೂ ಸರಿಯಲಾಗದವನನ್ನು ‘ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ’ ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಈ ಸಾಧನವನ್ನು ಕೆಲವರು ಅಡಕೊತ್ತು ಎನ್ನುತ್ತಾರೆ. ನಮ್ಮ ಬೀದರ ಕಡೆ ಉರ್ದು ಆಡುವ ಮನೆಗಳಲ್ಲಿ ಅದೇ ಸರೋತಾ. ಎಲೆಯಡಿಕೆಯ ತಟ್ಟೆಯಲ್ಲಿರಬೇಕಾದ ಈ ವಸ್ತು ನಮ್ಮೆಲ್ಲರ ಹೊಟ್ಟೆಯೊಳಗೂ ಒಂದಿದೆ ಎಂದರೆ ವಿದ್ಯಾರ್ಥಿಗಳು ನಗಬಹುದು. ಆದರೆ ಇರುವುದು ನಿಜ. ಅದರ ಎರಡು ದವಡೆಗಳ ನಡುವೆ ಹಾದುಹೋಗುವುದು ಅಡಿಕೆಯಲ್ಲ, ಎಡ ಮೂತ್ರಪಿಂಡದಿಂದ ಹೊರಟ ಅಭಿಧಮನಿ. ಸಾಮಾನ್ಯವಾಗಿ ಅದು ಯಾರಿಗೂ ತೊಂದರೆ ಕೊಡದೆ ಹಾದುಹೋಗುತ್ತದೆ. ಕೆಲವರಲ್ಲಿ, ಅದರಲ್ಲೂ ಥಟ್ಟನೆ ಎತ್ತರ ಬೆಳೆಯುವ ತೆಳ್ಳನೆಯ ಮಕ್ಕಳಲ್ಲಿ, ಸಿಕ್ಕಿಕೊಳ್ಳುತ್ತದೆ. ವೈದ್ಯರು ಇದನ್ನು ‘ನಟ್‌ಕ್ರ್ಯಾಕರ್ ಸಿಂಡ್ರೋಮ್’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಅಕ್ರೋಟು ಒಡೆಯುವ ಇಕ್ಕಳ. ನಮಗೆ ಅಡಕತ್ತರಿಯೇ ಸಾಕು.

ಮೊದಲು ದೇಹದೊಳಗಿನ ರಚನೆಯನ್ನು ನೋಡೋಣ. ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂದೆ, ಕೊಂಚ ಎಡಕ್ಕೆ ಕೆಳಗಿಳಿಯುತ್ತದೆ. ಕಾಲುಗಳಿಂದಲೂ ಮೂತ್ರಪಿಂಡಗಳಿಂದಲೂ ರಕ್ತವನ್ನು ಹೃದಯಕ್ಕೆ ಮರಳಿಸುವ ಅಧೋಮಹಾಭಿಧಮನಿ ಅದರ ಬಲಕ್ಕೆ ಇರುತ್ತದೆ. ಹೀಗಾಗಿ ಬಲ ಮೂತ್ರಪಿಂಡಕ್ಕೆ ಮಹಾಭಿಧಮನಿ ಪಕ್ಕದ ಮನೆಯಿದ್ದಂತೆ. ಅದರ ಅಭಿಧಮನಿ ಸುಮಾರು ಎರಡೂವರೆ ಸೆಂಟಿಮೀಟರ್ ನಡೆದರೆ ಸಾಕು. ಎಡದ್ದು ಮಾತ್ರ ಸುಮಾರು ಏಳೂವರೆ ಸೆಂಟಿಮೀಟರ್ ಪ್ರಯಾಣ ಮಾಡಬೇಕು, ದಾರಿಯಲ್ಲಿ ಮಹಾಪಧಮನಿಯನ್ನು ದಾಟಬೇಕು. (ಮೂತ್ರಪಿಂಡ ದಾನ ಮಾಡುವವರಿಂದ ಸಾಮಾನ್ಯವಾಗಿ ಎಡಗಡೆಯದನ್ನೇ ತೆಗೆದುಕೊಳ್ಳುವುದಕ್ಕೆ ಈ ಉದ್ದವೇ ಕಾರಣ. ನಾಳ ಉದ್ದವಿದ್ದಷ್ಟೂ ಹೊಲಿಯುವುದು ಸುಲಭ.)

ದಾಟುವ ಜಾಗದಲ್ಲೇ ಇಕ್ಕಟ್ಟು. ಅಲ್ಲಿ ಮಹಾಪಧಮನಿಯ ಮುಂಭಾಗದಿಂದ ಇನ್ನೊಂದು ಅಪಧಮನಿ ಕವಲೊಡೆದು, ಕರುಳುಗಳಿಗೆ ರಕ್ತ ಒಯ್ಯಲು ಕೆಳಮುಖವಾಗಿ ಸಾಗುತ್ತದೆ. ಗೋಡೆಗೆ ಏಣಿ ಒರಗಿಸಿದ್ದನ್ನು ಕಲ್ಪಿಸಿಕೊಳ್ಳಿ. ಗೋಡೆಯೇ ಮಹಾಪಧಮನಿ, ಏಣಿಯೇ ಕರುಳಿನ ಅಪಧಮನಿ. ಇವೆರಡರ ನಡುವಿನ ಸಂದಿಯಲ್ಲಿ, ಮೇಲ್ತುದಿಗೆ ಹತ್ತಿರದಲ್ಲಿ, ಒಂದು ಮೆತ್ತನೆಯ ರಬ್ಬರ್ ಕೊಳವೆ ಅಡ್ಡಲಾಗಿ ಹಾದುಹೋಗಿದೆ. ಅದೇ ಎಡ ಮೂತ್ರಪಿಂಡದ ಅಭಿಧಮನಿ. ಏಣಿಯ ಬುಡವನ್ನು ಗೋಡೆಯ ಹತ್ತಿರಕ್ಕೆ ತಳ್ಳಿದರೆ ಏನಾಗುತ್ತದೆ? ಕೊಳವೆ ಚಪ್ಪಟೆಯಾಗುತ್ತದೆ. ಗೋಡೆ ಮತ್ತು ಏಣಿಯ ನಡುವಿನ ಕೋನ ಸಾಮಾನ್ಯವಾಗಿ 38ರಿಂದ 65 ಡಿಗ್ರಿ ಎಂದು ಬರೆಯುತ್ತಾರೆ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ಅನುಮಾನ ಬರುತ್ತದೆ. ಕೋನ ಕಿರಿದಾಗದಂತೆ ತಡೆಯುವುದು ಆ ಸಂದಿಯಲ್ಲಿ ಗಾದಿಯಂತೆ ಕುಳಿತಿರುವ ಕೊಬ್ಬು. ಕೊಬ್ಬು ಎಂದರೆ ಮುಖ ಕಿವಿಚುವವರು ಇದನ್ನು ಗಮನಿಸಬೇಕು!

ಮೂತ್ರಪಿಂಡಗಳೆರಡಕ್ಕೂ ಸೇರಿ ನಿಮಿಷಕ್ಕೆ ಸುಮಾರು ಒಂದು ಲೀಟರ್ ರಕ್ತ ಹರಿದು ಬರುತ್ತದೆ, ಅಂದರೆ ಹೃದಯ ಒತ್ತುವ ರಕ್ತದ ಐದನೆಯ ಒಂದು ಪಾಲು. ಎಡದ್ದಕ್ಕೆ ಬಂದ ಅರ್ಧ ಲೀಟರ್ ಈ ಸಂದಿಯ ಮೂಲಕವೇ ಹಿಂದಿರುಗಬೇಕು. ದಾರಿ ಕಿರಿದಾದರೆ ಹಿಂದೆ ಒತ್ತಡ ಏರುತ್ತದೆ.

ನೌಬಾದದ ಮಕ್ಕಳಿಗೆ ಇದನ್ನು ವಿವರಿಸಲು ಬೇರೆ ಉದಾಹರಣೆ ಹುಡುಕಬೇಕಿಲ್ಲ. ನಮ್ಮಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಎಂದು ಹೆಸರಾದದ್ದು. ನೆಲದಡಿಯ ಕಾಲುವೆಯಲ್ಲಿ ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ಮೇಲೆ ಸಾಲಾಗಿ ಬಾವಿಯಂಥ ಗಾಳಿಕಿಂಡಿಗಳು. ಈಗ ಎರಡು ಕಿಂಡಿಗಳ ನಡುವೆ ಕಾಲುವೆಯಲ್ಲಿ ಹೂಳು ತುಂಬಿ ದಾರಿ ಕಿರಿದಾಯಿತೆನ್ನಿ. ಹೂಳಿನ ಕೆಳಗಡೆಯ ಕಿಂಡಿಯಲ್ಲಿ ನೀರು ಇಳಿಯುತ್ತದೆ, ಮೇಲ್ಗಡೆಯ ಕಿಂಡಿಯಲ್ಲಿ ಏರುತ್ತದೆ. ಅಲ್ಲೆಲ್ಲಾದರೂ ಗೋಡೆಯಲ್ಲಿ ಬಿರುಕಿದ್ದರೆ ನೀರು ಅದರಿಂದ ಪಕ್ಕಕ್ಕೆ ಜಿನುಗುತ್ತದೆ. ಮೂತ್ರಪಿಂಡದೊಳಗೂ ಇಷ್ಟೇ ಆಗುವುದು. ಒತ್ತಡ ಏರಿದಾಗ ಮೂತ್ರ ಸಂಗ್ರಹವಾಗುವ ಬಟ್ಟಲುಗಳ ಅಂಚಿನಲ್ಲಿರುವ ತೆಳುಗೋಡೆಯ ಸಣ್ಣ ಅಭಿಧಮನಿಗಳು ಉಬ್ಬಿ, ಎಲ್ಲೋ ಒಂದೆಡೆ ಬಿರಿದು, ರಕ್ತ ಮೂತ್ರಕ್ಕೆ ಸೇರುತ್ತದೆ.

ಟೊರಾಂಟೊದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಗ್ರಾಂಟ್ ಎಂಬ ಪ್ರಾಧ್ಯಾಪಕರು 1937ರಲ್ಲಿಯೇ ಈ ಅಭಿಧಮನಿ ಇಕ್ಕಳದ ನಡುವಿನ ಕಾಯಿಯಂತೆ ಇದೆಯೆಂದು ಬರೆದಿದ್ದರು. ರೋಗಿಯೊಬ್ಬರಲ್ಲಿ ಅದನ್ನು ಮೊದಲು ವರದಿ ಮಾಡಿದ್ದು 1950ರಲ್ಲಿ, ಎಲ್ ಸದ್ರ್ ಮತ್ತು ಮಿನಾ ಎಂಬ ವೈದ್ಯರು. 1972ರಲ್ಲಿ ಬೆಲ್ಜಿಯಂನ ಡಿ ಶೆಪ್ಪರ್ ಅವರ ಬರಹದಿಂದ ನಟ್‌ಕ್ರ್ಯಾಕರ್ ಎಂಬ ಹೆಸರು ನಿಂತಿತು. ಕೆಲವರಲ್ಲಿ ಈ ಅಭಿಧಮನಿ ಹುಟ್ಟಿನಿಂದಲೇ ಮಹಾಪಧಮನಿಯ ಹಿಂದೆ ಹಾದು, ಬೆನ್ನುಮೂಳೆಗೂ ಅದಕ್ಕೂ ನಡುವೆ ಸಿಕ್ಕಿಕೊಳ್ಳುವುದುಂಟು. ಅದು ಹಿಂಬದಿಯ ಅಡಕತ್ತರಿ.

ಇನ್ನು ಲಕ್ಷಣಗಳಿಗೆ ಬರೋಣ. ಮೂತ್ರದಲ್ಲಿ ರಕ್ತ ಮುಖ್ಯವಾದದ್ದು. ಕೆಲವೊಮ್ಮೆ ಕಣ್ಣಿಗೆ ಕಾಣುವಷ್ಟು ಕೆಂಪು, ಹಲವು ಸಲ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು. ಎಡ ಪಕ್ಕೆಯಲ್ಲಿ ನೋವು, ನಿಂತರೆ ಅಥವಾ ಓಡಿದರೆ ಹೆಚ್ಚುವಂಥದ್ದು. ಮೂರನೆಯದು ಮೂತ್ರದಲ್ಲಿ ಪ್ರೋಟೀನ್. ಅದು ಹದಿಹರೆಯದವರಲ್ಲಿ ಒಂದು ವಿಚಿತ್ರ ನಿಯಮ ಪಾಲಿಸುತ್ತದೆ: ಮಲಗಿದ್ದಾಗ ಇಲ್ಲ, ಎದ್ದು ಓಡಾಡಿದಾಗ ಇದೆ. ಎದ್ದು ನಿಂತಾಗ ಕರುಳುಗಳ ಭಾರ ಕೆಳಕ್ಕೆ ಜಗ್ಗಿ ಏಣಿ ಗೋಡೆಗೆ ಹತ್ತಿರವಾಗುತ್ತದೆ. ಮಲಗಿದರೆ ಸಡಿಲಾಗುತ್ತದೆ.

ಗಂಡುಮಕ್ಕಳಲ್ಲಿ ಇನ್ನೊಂದು ಲಕ್ಷಣವುಂಟು. ಸಂಕೋಚದಿಂದ ಅದನ್ನು ಯಾರಿಗೂ ಹೇಳುವುದಿಲ್ಲ. ಎಡ ವೃಷಣದ ಅಭಿಧಮನಿ ನೇರವಾಗಿ ಮಹಾಭಿಧಮನಿಗೆ ಹೋಗದೆ ಎಡ ಮೂತ್ರಪಿಂಡದ ಅಭಿಧಮನಿಗೆ ಬಂದು ಸೇರುತ್ತದೆ. ಬಲಗಡೆಯದು ಹಾಗಲ್ಲ, ನೇರವಾಗಿ ಹೋಗುತ್ತದೆ. ಮುಂದೆ ದಾರಿ ಕಟ್ಟಿದಾಗ ರಕ್ತ ಹಿಂದಕ್ಕೆ ತಳ್ಳಲ್ಪಟ್ಟು, ಎಡ ವೃಷಣದ ಮೇಲೆ ಎರೆಹುಳುಗಳ ಗಂಟಿನಂತೆ ನಾಳಗಳು ಉಬ್ಬುತ್ತವೆ. ಇದಕ್ಕೆ ವೆರಿಕೋಸೀಲ್ ಎಂದು ಹೆಸರು. ಹೆಣ್ಣುಮಕ್ಕಳಲ್ಲಿ ಅಂಡಾಶಯದ ಅಭಿಧಮನಿಗೂ ಇದೇ ಗತಿ. ಅವರಲ್ಲಿ ಕಿಬ್ಬೊಟ್ಟೆಯ ಭಾರ, ಮುಟ್ಟಿನ ದಿನಗಳಲ್ಲಿ ಹೆಚ್ಚಿದ ನೋವು ಕಾಣಬಹುದು. ‘ಹುಡುಗಿಯರಿಗೆ ಹೊಟ್ಟೆನೋವು ಇದ್ದದ್ದೇ’ ಎಂದು ತಳ್ಳಿಹಾಕುವ ಮನೆಗಳೇ ಹೆಚ್ಚು.

ತಳ್ಳಿಹಾಕುವುದರಲ್ಲಿ ನಾವು ನಿಪುಣರು. ಮೂತ್ರ ಕೆಂಪಗೆ ಬಂತೆಂದರೆ ನಮ್ಮ ಕಡೆ ಮೊದಲು ಕೇಳುವ ಮಾತು, “ಉಷ್ಣ ಆಗ್ಯಾದ, ಸಬ್ಜಾ ನೀರ ಕುಡಸ್ರಿ, ಕಮ್ಮಿ ಆಗ್ತದ.” ಬೀದರಿನ ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜದ ನೀರು ಕುಡಿಯುವುದರಿಂದ ಯಾವ ನಷ್ಟವೂ ಇಲ್ಲ. ನಷ್ಟವಾಗುವುದು ಅದರ ಹೆಸರಿನಲ್ಲಿ ಕಳೆದುಹೋಗುವ ವಾರಗಳಿಂದ. ನೀರು ಕಡಿಮೆ ಕುಡಿದರೆ ಮೂತ್ರ ಕಡು ಹಳದಿಯಾಗುತ್ತದೆ, ಕೆಂಪಾಗುವುದಿಲ್ಲ. ಬೀಟ್‌ರೂಟ್ ತಿಂದರೆ, ಕ್ಷಯದ ರಿಫಾಂಪಿಸಿನ್ ಮಾತ್ರೆ ನುಂಗಿದರೆ ಬಣ್ಣ ಬರುವುದುಂಟು. ಅದು ರಕ್ತವಲ್ಲ. ಹುಡುಗ ಆ ದಿನ ಬಹಳ ದೂರ ಓಡಿದ್ದರೆ ಒಂದೆರಡು ದಿನ ರಕ್ತ ಕಾಣಿಸಿ ನಿಲ್ಲಲೂಬಹುದು. ಎರಡು ಮೂರು ದಿನ ವಿಶ್ರಾಂತಿ ಕೊಟ್ಟು ಮತ್ತೆ ಪರೀಕ್ಷಿಸಿದರೆ ಗೊತ್ತಾಗುತ್ತದೆ. ಇವು ಯಾವುವೂ ಅಲ್ಲದಿದ್ದರೆ ಪರೀಕ್ಷೆ ಆಗಲೇಬೇಕು. ಗಂಟಲುನೋವು ಅಥವಾ ಚರ್ಮದ ಹುಣ್ಣು ಬಂದು ಹೋದ ಕೆಲ ವಾರಗಳಲ್ಲಿ ಚಹಾದ ಡಿಕಾಕ್ಷನ್‌ನಂಥ ಮೂತ್ರ, ಬೆಳಗ್ಗೆ ಊದಿದ ಮುಖ, ಮೂತ್ರದ ಪ್ರಮಾಣ ಕಡಿಮೆ, ಇವು ಕಂಡರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಮೂತ್ರಪಿಂಡದ ಸೋಸುಗಳೇ ಉರಿಯೂತಕ್ಕೆ ಸಿಕ್ಕ ಬೇರೆ ಕಾಯಿಲೆ. ಅಲ್ಲಿ ಕಾಯುವಂತಿಲ್ಲ.

ಹಾಗಾದರೆ ಅಡಕತ್ತರಿಯನ್ನು ಪತ್ತೆಹಚ್ಚುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗೆ ನಿಜವಾದ ರುಚಿ ಇರುವುದು ಇಲ್ಲಿ. ಮೊದಲ ಸಾಕ್ಷಿ ಸೂಕ್ಷ್ಮದರ್ಶಕದ ಕೆಳಗೆ ಸಿಗುತ್ತದೆ. ಸೋಸುಗಳಲ್ಲಿ ದೋಷವಿದ್ದು ಅಲ್ಲಿಂದ ನುಸುಳಿದ ಕೆಂಪುಕಣಗಳು ಇಕ್ಕಟ್ಟಿನಲ್ಲಿ ತೂರಿ ಬಂದದ್ದರಿಂದ ಸೊಟ್ಟಗೆ, ಹರಿದು, ಗುಳ್ಳೆಯೆದ್ದು ಕಾಣುತ್ತವೆ. ಬಿರಿದ ಅಭಿಧಮನಿಯಿಂದ ನೇರವಾಗಿ ಮೂತ್ರಕ್ಕೆ ಬಿದ್ದ ಕಣಗಳು ಗುಂಡಗೆ, ಒಂದೇ ಆಕಾರದಲ್ಲಿರುತ್ತವೆ. ಕಲ್ಲಿನಿಂದ ಬಂದ ರಕ್ತದಲ್ಲಿಯೂ ಗುಂಡಗಿನ ಕಣಗಳೇ ಇರುವುದರಿಂದ ಇಷ್ಟಕ್ಕೇ ತೀರ್ಪು ಕೊಡಲಾಗದು. ಆದರೆ ಹುಡುಕಬೇಕಾದ ದಿಕ್ಕು ತಿಳಿಯುತ್ತದೆ.

ಪ್ರೋಟೀನ್‌ನ ಪರೀಕ್ಷೆ ಇನ್ನೂ ಸರಳ. ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ನಾವೆಲ್ಲ ಮಾಡಿದ್ದೇ: ಪ್ರನಾಳದಲ್ಲಿ ಮುಕ್ಕಾಲು ಭಾಗ ಮೂತ್ರ ತೆಗೆದುಕೊಂಡು ಮೇಲಿನ ಭಾಗವನ್ನು ಮಾತ್ರ ಕಾಯಿಸಬೇಕು. ಮೋಡದಂತೆ ಮಸುಕು ಬಂದರೆ ಎರಡು ಹನಿ ದುರ್ಬಲ ಅಸಿಟಿಕ್ ಆಮ್ಲ ಹಾಕಬೇಕು. ಮಸುಕು ಕರಗಿದರೆ ಅದು ಫಾಸ್ಫೇಟ್. ಕರಗದೆ ಉಳಿದರೆ ಆಲ್ಬುಮಿನ್, ಅಂದರೆ ಮೊಟ್ಟೆಯ ಬಿಳಿಯಂತೆ ಶಾಖಕ್ಕೆ ಹೆಪ್ಪುಗಟ್ಟುವ ಪ್ರೋಟೀನ್. ಇಂದು ಬಣ್ಣದ ಪಟ್ಟಿ ಅದ್ದಿ ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಹೇಗೇ ಮಾಡಿದರೂ ಎರಡು ಮಾದರಿ ಬೇಕು: ಹಾಸಿಗೆಯಿಂದ ಎದ್ದ ಕೂಡಲೇ ಹಿಡಿದದ್ದು ಒಂದು, ಹಗಲು ಓಡಾಡಿದ ಮೇಲೆ ಹಿಡಿದದ್ದು ಇನ್ನೊಂದು. ಮೊದಲನೆಯದು ಸ್ವಚ್ಛ, ಎರಡನೆಯದರಲ್ಲಿ ಪ್ರೋಟೀನ್ ಎಂದಾದರೆ ಅರ್ಧ ಚಿಂತೆ ಅಲ್ಲಿಗೇ ಕಳೆಯಿತು.

ಆಮೇಲೆ ಡಾಪ್ಲರ್ ಸ್ಕ್ಯಾನ್. ರೈಲು ಸೀಟಿ ಹಾಕುತ್ತ ಹತ್ತಿರ ಬರುವಾಗ ಸ್ವರ ಏರುವುದು, ದಾಟಿಹೋದಾಗ ಇಳಿಯುವುದು ನಿಮಗೆ ಗೊತ್ತು. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ತ್ವ ಅದು. ಇಲ್ಲಿ ಓಡುವ ರೈಲು ರಕ್ತದ ಕೆಂಪುಕಣ. ಹೊಟ್ಟೆಯ ಮೇಲಿಟ್ಟ ಉಪಕರಣ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳುಹಿಸುತ್ತದೆ. ಓಡುವ ಕಣಗಳಿಗೆ ಬಡಿದು ಮರಳಿದ ಶಬ್ದದ ಆವೃತ್ತಿ ಎಷ್ಟು ಬದಲಾಗಿದೆ ಎಂಬುದರಿಂದ ರಕ್ತದ ವೇಗ ಲೆಕ್ಕ ಸಿಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುತ್ತದಲ್ಲವೆ? ಸಂದಿಯಲ್ಲಿ ನಾಳ ಕಿರಿದಾದಷ್ಟೂ ಅಲ್ಲಿ ರಕ್ತದ ವೇಗ ಹೆಚ್ಚುತ್ತದೆ. ಮೂತ್ರಪಿಂಡದ ಬಾಗಿಲಲ್ಲಿರುವ ವೇಗಕ್ಕಿಂತ ಸಂದಿಯ ವೇಗ ಐದು ಪಟ್ಟಿಗೂ ಮೀರಿದರೆ ಅಡಕತ್ತರಿ ಬಿಗಿಯಾಗಿದೆ ಎನ್ನುತ್ತಾರೆ. ಸೂಜಿಯಿಲ್ಲ, ವಿಕಿರಣವಿಲ್ಲ. ಮಕ್ಕಳಿಗೆ ಇದೇ ಮೊದಲ ಆಯ್ಕೆ. ಪರೀಕ್ಷಿಸುವವರ ಕೈ ಪಳಗಿರಬೇಕು, ಅಷ್ಟೆ. ಸಾಧ್ಯವಾದರೆ ಮಲಗಿಸಿಯೂ ನಿಲ್ಲಿಸಿಯೂ ನೋಡಬೇಕು.

ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಅಗಲವಾಗಿದ್ದ ಅಭಿಧಮನಿ ಸಂದಿಗೆ ಬಂದಂತೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂಬ ಹಂತ ಬಂದಾಗ, ತೊಡೆಯ ಅಭಿಧಮನಿಯಿಂದ ಸಣ್ಣ ನಳಿಕೆ ತೂರಿಸಿ ಸಂದಿಯ ಆಚೆ ಈಚೆ ಒತ್ತಡ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್ ಪಾದರಸವನ್ನು ಮೀರುವುದಿಲ್ಲ. ಮೂರು ಅಥವಾ ಹೆಚ್ಚಿದ್ದರೆ ತಡೆ ಇದೆಯೆಂದು ಅರ್ಥ.

ಈಗ ಪಾಲಕರು ಗಮನವಿಟ್ಟು ಓದಬೇಕಾದ ಮಾತು. ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ ಎಷ್ಟೋ ಜನರಲ್ಲಿ ಈ ಅಭಿಧಮನಿ ಒತ್ತಿದಂತೆ ಕಾಣುತ್ತದೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಒತ್ತಿಕೊಂಡಿರುವುದು ಒಂದು ಸಂಗತಿ, ಅದರಿಂದ ಕಾಯಿಲೆಯಾಗುವುದು ಇನ್ನೊಂದು. ಚಿತ್ರ ನೋಡಿ ಚಿಕಿತ್ಸೆ ಮಾಡುವುದಲ್ಲ, ಮಗುವನ್ನು ನೋಡಿ ಮಾಡಬೇಕು. ನನಗೆ ಪರಿಚಯದ ರೈತರೊಬ್ಬರು ಹೋದ ವರ್ಷ ಸ್ಕ್ಯಾನಿನ ಲಕೋಟೆ ಹಿಡಿದು ಮನೆಗೆ ಬಂದರು. ಮಗ ಒಂಬತ್ತನೆಯ ತರಗತಿ. ಒಂದೇ ವರ್ಷದಲ್ಲಿ ಅಪ್ಪನ ಭುಜ ದಾಟಿ ಬೆಳೆದವನು, ಮೈಯಲ್ಲಿ ಮಾಂಸವಿಲ್ಲ. ಎರಡು ಸಲ ಮೂತ್ರ ಕೆಂಪಗೆ ಹೋಗಿತ್ತು. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ, ನಾಳದೊಳಗೆ ಸ್ಟೆಂಟ್ ಕೂರಿಸಬೇಕು, ತಡಮಾಡಿದರೆ ಕಿಡ್ನಿ ಹೋಗುತ್ತದೆ ಎಂದಿದ್ದರಂತೆ. “ಸರ, ರೋಡಿನ ಬಾಜೂ ಒಂದ ಎಕರೆ ಅದ, ಮಾರಿ ಬಿಡ್ಲೇನ್ರಿ?” ಎಂದರು. ಮೇಷ್ಟ್ರು ವೈದ್ಯನಲ್ಲ. ಆದರೆ ಹೊಲ ಮಾರುವ ಮೊದಲು ಮಕ್ಕಳ ಮೂತ್ರಪಿಂಡ ತಜ್ಞರೊಬ್ಬರಿಗೆ ತೋರಿಸಿ ಎಂದು ಹೇಳಲು ವೈದ್ಯನೇ ಆಗಬೇಕಿಲ್ಲ. ತೋರಿಸಿದರು. ರಕ್ತದೊತ್ತಡ ಸರಿಯಿದೆ, ಕ್ರಿಯಾಟಿನಿನ್ ಸರಿಯಿದೆ, ಹಿಮೋಗ್ಲೋಬಿನ್ ಇಳಿದಿಲ್ಲ, ಕಲ್ಲಿಲ್ಲ. ಅವರು ಬರೆದುಕೊಟ್ಟ ಚೀಟಿಯಲ್ಲಿ ಔಷಧವೇ ಇರಲಿಲ್ಲ. ತೂಕ ಹೆಚ್ಚಿಸಬೇಕು, ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಮಾಡಿಸಬೇಕು ಎಂದಿತ್ತು. ಹೊಲ ಇನ್ನೂ ಅವರದೇ. ಹುಡುಗನ ಪರೀಕ್ಷೆಗಳು ನಡೆದಿವೆ.

ಇದು ಆ ವೈದ್ಯರ ಔದಾರ್ಯವಲ್ಲ, ಅಂಗೀಕೃತ ಕ್ರಮ. ಹದಿನೆಂಟು ತುಂಬದವರಲ್ಲಿ, ರಕ್ತಸ್ರಾವ ತೀವ್ರವಾಗಿಲ್ಲದಿದ್ದರೆ, ಕನಿಷ್ಠ ಎರಡು ವರ್ಷ ಕಾದು ನೋಡಬೇಕೆನ್ನುತ್ತಾರೆ. ಆ ಅವಧಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ರಕ್ತ ತಾನಾಗಿ ನಿಲ್ಲುತ್ತದೆಂದು ವೈದ್ಯಕೀಯ ಬರಹಗಳು ಹೇಳುತ್ತವೆ. ಕಾರಣವೂ ಸರಳ. ಎತ್ತರ ಮೊದಲು ಬರುತ್ತದೆ, ಮೈ ಆಮೇಲೆ ತುಂಬುತ್ತದೆ. ಮೈ ತುಂಬಿದಾಗ ಆ ಸಂದಿಯ ಗಾದಿಯೂ ತುಂಬುತ್ತದೆ, ಏಣಿ ಗೋಡೆಯಿಂದ ದೂರ ಸರಿಯುತ್ತದೆ. ರಕ್ತನಾಳಕ್ಕೆ ಪಕ್ಕದ ದಾರಿಗಳೂ ಬೆಳೆಯುತ್ತವೆ. ಹೀಗಾಗಿ ಇಲ್ಲಿ ಔಷಧ ಅಡಿಗೆಮನೆಯಲ್ಲಿದೆ: ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ. ಶನಿವಾರ ಒಂದು, ಸೋಮವಾರ ಒಂದು ಎಂದು ಬೆಳೆಯುವ ಮಕ್ಕಳಿಂದ ಉಪವಾಸ ಮಾಡಿಸುವವರೂ, ಸಿನಿಮಾ ನಟಿಯನ್ನು ನೋಡಿ ರಾತ್ರಿ ಊಟ ಬಿಡುವ ಹುಡುಗಿಯರೂ ಇದನ್ನು ಓದಲಿ. ತೂಕ ತೀರ ಇಳಿದರೆ ಅದೇ ಸಂದಿಯಲ್ಲಿ, ಇನ್ನೂ ಸ್ವಲ್ಪ ಕೆಳಗೆ ಹಾದುಹೋಗುವ ಸಣ್ಣಕರುಳಿನ ಆರಂಭದ ಭಾಗವೂ ಸಿಕ್ಕಿಕೊಂಡು, ಉಂಡದ್ದೆಲ್ಲ ವಾಂತಿಯಾಗುವುದುಂಟು. ಪ್ರೋಟೀನ್ ಹೆಚ್ಚು ಹೋಗುತ್ತಿದ್ದರೆ ವೈದ್ಯರು ಒಂದು ಬಗೆಯ ರಕ್ತದೊತ್ತಡದ ಮಾತ್ರೆ ಕೊಡುವುದುಂಟು. ರಕ್ತ ಹೋಗಿ ಬಿಳುಚಿಕೊಂಡಿದ್ದರೆ ಕಬ್ಬಿಣಾಂಶದ ಮಾತ್ರೆ.

ಶಸ್ತ್ರಚಿಕಿತ್ಸೆ ಯಾರಿಗೆ? ಮತ್ತೆ ಮತ್ತೆ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿಯುವವರಿಗೆ, ಹೆಪ್ಪುಗಟ್ಟಿದ ರಕ್ತ ಮೂತ್ರದ್ವಾರ ಕಟ್ಟುವವರಿಗೆ, ನೋವು ತಡೆಯಲಾಗದವರಿಗೆ, ಮೂತ್ರಪಿಂಡದ ಕೆಲಸ ಕುಂದುತ್ತಿರುವವರಿಗೆ. ಹೆಚ್ಚು ಬಳಕೆಯಲ್ಲಿರುವ ವಿಧಾನವೆಂದರೆ ಅಭಿಧಮನಿಯನ್ನು ಮಹಾಭಿಧಮನಿಯಿಂದ ಬಿಡಿಸಿ, ಕೆಲವು ಸೆಂಟಿಮೀಟರ್ ಕೆಳಗೆ, ಸಂದಿ ಅಗಲವಿರುವ ಜಾಗದಲ್ಲಿ ಮತ್ತೆ ಹೊಲಿಯುವುದು. ಏಣಿಯ ಬುಡದ ಕಡೆಗೆ ಕೊಳವೆಯನ್ನು ಇಳಿಸಿದಂತೆ. ಇನ್ನೂ ಕಷ್ಟದ ಪ್ರಸಂಗದಲ್ಲಿ ಮೂತ್ರಪಿಂಡವನ್ನೇ ಬಿಡಿಸಿ ಅದೇ ವ್ಯಕ್ತಿಯ ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ಸ್ಟೆಂಟ್ ಎಂಬ ಲೋಹದ ಜಾಲರಿಯ ಕೊಳವೆಯನ್ನು ಹೊಟ್ಟೆ ಕೊಯ್ಯದೆ ಒಳಗಿಡಬಹುದು ಎಂಬುದು ಆಕರ್ಷಕವೇ. ಆದರೆ ಅಭಿಧಮನಿಯ ಗೋಡೆ ಮೆತ್ತಗೆ, ಉಸಿರಿಗೊಮ್ಮೆ ಹಿಗ್ಗಿ ಕುಗ್ಗುವಂಥದ್ದು. ಸ್ಟೆಂಟ್ ಜಾರಿ ರಕ್ತದೊಡನೆ ಹೃದಯದ ಬಲಭಾಗಕ್ಕೆ ಹೋಗಿ ಸಿಕ್ಕ ಪ್ರಸಂಗಗಳು ವರದಿಯಾಗಿವೆ. ಮೇಲಾಗಿ ಹದಿನಾಲ್ಕರ ಹುಡುಗ ಇನ್ನೂ ಬೆಳೆಯುತ್ತಾನೆ, ಲೋಹ ಬೆಳೆಯುವುದಿಲ್ಲ. ನಾಳದ ಹೊರಗೆ ತೋಳಿನಂತೆ ಒಂದು ಗಟ್ಟಿ ಕವಚ ತೊಡಿಸುವ ವಿಧಾನವೂ ಉಂಟು. ಚೀನದಲ್ಲಿ ಈಚಿನ ವರ್ಷಗಳಲ್ಲಿ ಆಯಾ ರೋಗಿಯ ಅಳತೆಗೆ ಮೂರು ಆಯಾಮದ ಮುದ್ರಣದಿಂದ ಅಂಥ ಕವಚ ತಯಾರಿಸಿದ್ದಾರೆ.

ಬೀದರಿನವರು ಮೊದಲ ಪರೀಕ್ಷೆಗಳಿಗೆ ದೂರ ಹೋಗಬೇಕಿಲ್ಲ. ಮೂತ್ರ, ರಕ್ತ, ಅಲ್ಟ್ರಾಸೌಂಡ್ ಇವಕ್ಕೆ ಊರಿನಲ್ಲೇ ಬ್ರಿಮ್ಸ್ ಬೋಧಕ ಆಸ್ಪತ್ರೆ ಇದೆ. ಮುಂದಿನ ಸಲಹೆಗೆ ಹೈದರಾಬಾದಿನ ನಿಮ್ಸ್, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಇವೆ. ಎರಡೂ ಸರಕಾರದ ಆಶ್ರಯದವು.

ಇನ್ನು ಸೇನೆಗೆ ಸೇರಬಯಸುವ ಹುಡುಗರ ವಿಷಯ. ವಾಯುಪಡೆಯ ವಿಮಾನಗಳ ಸದ್ದು ಕೇಳುತ್ತಲೇ ಬೆಳೆದ ನಮ್ಮೂರ ಹುಡುಗರು ನಸುಕಿನಲ್ಲಿ ರಸ್ತೆಯ ಮೇಲೆ ಓಡುವುದನ್ನು ದಿನಾ ನೋಡುತ್ತೇನೆ. ಓಟ, ಎತ್ತರ, ಎದೆಯ ಅಳತೆ ಎಲ್ಲ ಮುಗಿದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ‘ಎಡ ವೆರಿಕೋಸೀಲ್’ ಎಂದು ಬರೆಸಿಕೊಂಡು ಮರಳುವವರುಂಟು. ಮರಳಿದವರು ಮರುದಿನವೇ ಶಸ್ತ್ರಚಿಕಿತ್ಸೆಗೆ ಓಡುತ್ತಾರೆ, ಏಕೆಂದರೆ ಮರುಪರೀಕ್ಷೆಯ ದಿನಾಂಕ ಹತ್ತಿರವಿರುತ್ತದೆ. ವೆರಿಕೋಸೀಲ್ ಇರುವವರಿಗೆಲ್ಲ ಅಡಕತ್ತರಿ ಇರುತ್ತದೆಂದಲ್ಲ. ಹಲವರಿಗೆ ಇರುವುದಿಲ್ಲ. ಆದರೆ ಯಾರಿಗೆ ಇದೆಯೋ ಅವರಲ್ಲಿ ಆ ಉಬ್ಬಿದ ನಾಳಗಳು ತಡೆಗೊಂಡ ರಕ್ತಕ್ಕೆ ಪಕ್ಕದ ಕಾಲುವೆಯಾಗಿ ಕೆಲಸ ಮಾಡುತ್ತಿರಬಹುದು. ಅವನ್ನು ಕಟ್ಟಿದರೆ ಮೇಲೆ ಒತ್ತಡ ಇನ್ನೂ ಏರೀತು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಒಂದು ಮೂತ್ರ ಪರೀಕ್ಷೆ, ಎಡ ಮೂತ್ರಪಿಂಡದ ಅಭಿಧಮನಿಯ ಒಂದು ಡಾಪ್ಲರ್ ಆಗಬೇಕೇ ಎಂದು ವೈದ್ಯರನ್ನು ಕೇಳಿ. ಕೇಳಲು ನಾಚಿಕೆ ಬೇಡ. ಅಪ್ಪನಿಗೆ ಹೇಳಲಾಗದಿದ್ದರೆ ಅಣ್ಣನಿಗೆ, ಮಾವನಿಗೆ, ಶಾಲೆಯ ಮೇಷ್ಟ್ರಿಗೆ ಹೇಳಿ.

ಮಾದರಿ ಹಿಡಿಯುವ ಕ್ರಮ ಹೇಳಿ ಮುಗಿಸುತ್ತೇನೆ, ಏಕೆಂದರೆ ಅರ್ಧ ಪರೀಕ್ಷೆಗಳು ಕೆಡುವುದು ಇಲ್ಲಿಯೇ. ಪ್ರಯೋಗಶಾಲೆಯವರು ಕೊಟ್ಟ ಡಬ್ಬಿಯನ್ನೇ ಬಳಸಬೇಕು, ತೊಳೆದ ಔಷಧದ ಬಾಟಲಿ ಬೇಡ. ರಾತ್ರಿ ಮಲಗುವ ಮುನ್ನ ಮೂತ್ರ ಮಾಡಿ ಮಲಗಬೇಕು. ಬೆಳಗ್ಗೆ ಎದ್ದು ಅಂಗಳ ತಿರುಗಿ ಬಂದು ಹಿಡಿಯುವುದಲ್ಲ, ಎದ್ದ ತಕ್ಷಣ ಹಿಡಿಯಬೇಕು. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಬೇಕು. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಮಾದರಿ ಕೊಡಬಾರದು. ಹಿಂದಿನ ದಿನ ಓಟ, ಕಬಡ್ಡಿ ಬೇಡ. ಡಬ್ಬಿಯ ಮೇಲೆ ಹೆಸರಿನ ಜೊತೆಗೆ ‘ಎದ್ದ ಕೂಡಲೇ’ ಅಥವಾ ‘ಓಡಾಡಿದ ಮೇಲೆ’ ಎಂದು ಬರೆಯಿರಿ, ಎರಡು ಗಂಟೆಯೊಳಗೆ ತಲುಪಿಸಿ. ತಡವಾದರೆ ಕೆಂಪುಕಣಗಳು ಡಬ್ಬಿಯಲ್ಲೇ ಒಡೆದು ಹೋಗುತ್ತವೆ, ಸೂಕ್ಷ್ಮದರ್ಶಕ ಎಷ್ಟು ಒಳ್ಳೆಯದಿದ್ದರೂ ಆಗ ಅಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.